‘ಹೌದ್ರಿ’ ಅಂದರೆ ಉತ್ತರವಲ್ಲ

ಅಕ್ಕನ ಮಗಳು ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ಆಪ್ತಸಮಾಲೋಚಕಿ. ಬಾಣಂತಿಯರ ಮನಸ್ಸಿನ ಆರೋಗ್ಯ ತಿಳಿಯುವ ಪ್ರಶ್ನಾವಳಿ ಹಿಡಿದು ನಮ್ಮ ಬನಹಟ್ಟಿಗೆ ಬಂದಾಗ, ಮೊದಲು ನನ್ನ ಮೇಲೆಯೇ ಪ್ರಯೋಗ ಮಾಡಿದಳು. ‘ನಾನು ಎಂದೂ ತಡವಾಗಿ ಹೋಗಿಲ್ಲ’ ಎಂಬುದಕ್ಕೆ ಹೌದು ಎಂದೆ.

“ಮಾವಶಿ, ಎಂದೂ ತಡಾ ಮಾಡದವರು ಯಾರೂ ಇರಂಗಿಲ್ಲ; ಇದು ಸುಳ್ಳ ಹೇಳೋರನ್ನ ಹಿಡಿಯಾಕ ಇಟ್ಟ ಪ್ರಶ್ನೆ!” ಎಂದು ನಕ್ಕಳು.

ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದಷ್ಟು ಕಾಲ ಪ್ರಾರ್ಥನೆಯ ಗಂಟೆ ನಾನು ಬರುವ ಮೊದಲು ಬಾರಿಸಿದ್ದಿಲ್ಲ. “ಹಂಗಾದ್ರ ನಿನ್ನ ಪ್ರಶ್ನೇನs ತಪ್ಪು” ಎಂದೆ.

ಅವಳನ್ನು ನಮ್ಮ ಓಣಿಯ ನೇಕಾರರ ಮನೆಗೆ ಕರೆದೊಯ್ದೆ. ಆ ಮನೆಯ ಸೊಸೆಯ ಬಗ್ಗೆ ನನಗೆ ಆತಂಕವಿತ್ತು. ಹೆರಿಗೆಯಾದಾಗಿನಿಂದ ಅವಳು ಸೊರಗಿದ್ದಳು. ಕೂಸು ಅತ್ತರೂ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದವು. ಅವಳ ಅತ್ತೆ ಪಕ್ಕದಲ್ಲೇ ಕೂತರು. ಅಕ್ಕನ ಮಗಳು ಸೊಸೆಯನ್ನು ಕೇಳತೊಡಗಿದಳು.

“ಮನಸ್ಸು ಆರಾಮ ಐತೇನ್ರಿ?”

“ಹೌದ್ರಿ.”

“ಯಾವುದ್ರಾಗೂ ಮನಸ್ಸ ನಿಲ್ಲಂಗಿಲ್ಲೇನ್ರಿ?”

“ಹೌದ್ರಿ.”

ಅಕ್ಕನ ಮಗಳು ನನ್ನ ಕಡೆ ಬಾಗಿ, ಎಲ್ಲಕ್ಕೂ ತಲೆಯಾಡಿಸುವವರನ್ನು ಗುರುತಿಸಲೆಂದೇ ಹೀಗೆ ತಿರುಗಿಸಿ ಕೇಳುತ್ತಾರೆ, ಈ ಉತ್ತರ ಲೆಕ್ಕಕ್ಕೆ ಬರುವುದಿಲ್ಲ ಎಂದಳು. ಲೆಕ್ಕಕ್ಕೆ ಬರದಿದ್ದರೆ ಈ ಹುಡುಗಿ ವೈದ್ಯರವರೆಗೆ ಹೋಗುವುದಿಲ್ಲ.

ನಮ್ಮಲ್ಲಿ ‘ಹೌದ್ರಿ’ ಅಂದರೆ ‘ಕೇಳಿಸಿತು’ ಎಂದಷ್ಟೇ. ತಿಳಿಯಿತೇ ಎಂದು ಕೇಳಿದರೆ ನನ್ನ ತರಗತಿ ಇಡೀ ಹೌದ್ರಿ ಅನ್ನುತ್ತಿತ್ತು. ಅದಕ್ಕೇ ನಾನು ಹಾಗೆ ಕೇಳುವುದನ್ನು ಬಿಟ್ಟು, ಎರಡು ಉತ್ತರ ಕೊಟ್ಟು ಒಂದನ್ನು ಆರಿಸಲು ಹೇಳುತ್ತಿದ್ದೆ. “ನೀನೂ ಹಂಗ ಎರಡು ಉತ್ತರ ಕೊಟ್ಟು ಕೇಳು” ಎಂದು ಅಕ್ಕನ ಮಗಳಿಗೆ ಹೇಳಿದೆ. ಆಮೇಲೆ ಅತ್ತೆಯ ಕಡೆ ತಿರುಗಿದೆ.

“ಪರೀಕ್ಷಾ ಕೋಣ್ಯಾಗ ಮತ್ತೊಬ್ಬರು ಕೂಡಂಗಿಲ್ರಿ. ಹೊರಗ ಬರ್ರಿ, ನಿಮ್ಮ ಪರೀಕ್ಷಾ ನಾ ತಗೋತೀನಿ.”

“ಈ ವಯಸ್ಸಿನ್ಯಾಗ ನನಗೇನ ಪರೀಕ್ಷಾರಿ ಅಕ್ಕೋರ?” ಎನ್ನುತ್ತಲೇ ಕೂಸನ್ನೆತ್ತಿಕೊಂಡು ಕಟ್ಟೆಗೆ ಬಂದರು.

“ನಿಮಗ ಎಂದಾರ ಸಿಟ್ಟ ಬಂದೈತೇನ್ರಿ?”

“ಸಿಟ್ಟ? ನನಗ? ಯಾವಾಕಿ ಹೇಳಿದ್ದು? ಕರೀರಿ ಆಕೀನ್ನ!”

ಒಳಗಿನ ಮೊದಲ ಪ್ರಶ್ನೆ ಬಾಗಿಲಾಚೆ ಕೇಳಿಸಿತು. “ಕೂಸು ಮಲಗಿದಾಗ ನಿಮಗೂ ನಿದ್ದಿ ಬರತೈತೋ, ಎಚ್ಚರಾನs ಇರತೀರೋ?”

“ಎಚ್ಚರ ರೀ.” ಆಮೇಲೆ ಹುಡುಗಿ ತಾನಾಗಿಯೇ ಮಾತಾಡತೊಡಗಿದಳು. ಅತ್ತೆಗೂ ಕೇಳಿಸಿತ್ತು; ಅವರು ಕೂಸನ್ನು ಎದೆಗೆ ಒತ್ತಿಕೊಂಡರು. ನಾನು ಎದ್ದು ಬಾಗಿಲು ಎಳೆದು ಮುಂದೆ ಮಾಡಿದೆ.

ಅಕ್ಕನ ಮಗಳು ಹೊರಬಂದಾಗ ಅತ್ತೆ ಕೇಳಿದರು, “ನಾಪಾಸ ಆದಳೇನ್ರಿ?”

“ಇದ್ರಾಗ ಪಾಸು ನಾಪಾಸು ಇಲ್ರಿ. ಸೋಮವಾರ ಡಾಕ್ಟರಿಗೆ ತೋರಿಸೋಣು.”

ಅತ್ತೆ ಕೂಸಿನ ತಲೆಯ ಮೇಲಿನ ಕುಲಾಯಿ ಸರಿಪಡಿಸಿದರು. “ಮೊದಲನೇ ಬಸ್ ಎಷ್ಟಕ್ಕರಿ ಅಕ್ಕೋರ?”

ಸೋಮವಾರ ಎಂದಿನಂತೆ ಬಸ್ಸಿಗೆ ಬಹಳ ಮೊದಲೇ ಹೋದೆ. ನಿಲ್ದಾಣದಲ್ಲಿ ಸೊಸೆ ಆಗಲೇ ಚೀಲ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಕೂಸನ್ನು ಎತ್ತಿಕೊಂಡು ಅತ್ತೆ.

“ತಡಾ ಮಾಡಿದ್ರೆಲ್ರೀ ಅಕ್ಕೋರ” ಎಂದರು.