ಸೀಟಮ್ಮ ಹಾಸಿದ ರೆಕ್ಕೆ

ಗ್ಯಾರೇಜುಗಳ ಸಾಲಿನಲ್ಲಿ ಅವಳನ್ನು ಎಲ್ಲರೂ ಸೀಟಮ್ಮ ಎನ್ನುತ್ತಾರೆ. ಕಾರು, ವ್ಯಾನು, ಬಸ್ಸು, ಯಾವುದರ ಸೀಟು ಹರಿದರೂ ಅವಳ ಮೆಷಿನ್ನಿನ ಸೂಜಿಯ ಕೆಳಗೆ ಹಾದು ಹೋಗಬೇಕು. ಗಂಡ ಪಕ್ಕದ ಶೆಡ್ಡಿನಲ್ಲಿ ಟಿಂಕರ್. ಅಪಘಾತವಾಗಿ ಬಂದ ಗಾಡಿಗಳ ನೆಗ್ಗುಗಳನ್ನು ಸುತ್ತಿಗೆಯಿಂದ ಬಡಿದು ಸಪಾಟು ಮಾಡುವ ಕೆಲಸ. ಅವನನ್ನು ಗುದ್ದಣ್ಣ ಎನ್ನುತ್ತಾರೆ. ಆ ಹೆಸರು ಬಂದದ್ದು ಗಾಡಿಗಳಿಂದಲ್ಲ.

ಬೇರೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ ಗುದ್ದಣ್ಣನಿಗೆ ಮುಷ್ಟಿಯ ಗಿಣ್ಣಿನಲ್ಲಿ. ಬಣ್ಣ ಹೊಂದಿಲ್ಲ ಎಂದ ಗಿರಾಕಿಯೊಬ್ಬನ ದವಡೆ ಮುರಿದಿದ್ದ. ಅಂಟಿಕೊಂಡ ಬೀರುವಿನ ಬಾಗಿಲನ್ನು ಗುದ್ದಿ, ಬಾಗಿಲನ್ನೂ ಬೆರಳನ್ನೂ ಮುರಿದುಕೊಂಡಿದ್ದ. ಮನೆಯಲ್ಲಿ ಹೆಂಡತಿ ಇದ್ದಳು. ಆದರೆ ಸೀಟಮ್ಮ ಹೊಡೆಸಿಕೊಂಡು ಮೂಲೆ ಸೇರುವ ಹೆಂಗಸಲ್ಲ. ಗುದ್ದಣ್ಣನ ಎಡಗಿವಿಗೆ ತುದಿಯಿಲ್ಲ. ಕೇಳಿದವರಿಗೆ ನಾಯಿ ಕಚ್ಚಿತು ಎನ್ನುತ್ತಿದ್ದ.

"ಹೂಂ, ಸೀಟು ಹೊಲಿಯೋ ನಾಯಿ," ಎಂದು ಅವಳು ತಲೆ ಎತ್ತದೆ ದಾರ ಪೋಣಿಸುತ್ತಿದ್ದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಆ ಮನೆಗೆ ಹೊಂದುತ್ತಿರಲಿಲ್ಲ, ಏಕೆಂದರೆ ಅಲ್ಲಿ ಉಣ್ಣುವ ತಟ್ಟೆಯೇ ಮೊದಲು ಹಾರುತ್ತಿತ್ತು. ಗೋಡೆಯಾಚೆಯ ಪೇಂಟರ್ ಅವಳ ಮಾತು ಕೇಳಿಯೇ ಜಗಳದ ಅಳತೆ ಹೇಳುತ್ತಿದ್ದ. "ರೀ" ಎಂದು ಕರೆದರೆ ಎಲ್ಲ ಸರಿಯಿದೆ. "ನೀನು" ಎಂದರೆ ಪಾತ್ರೆ ಬೀಳುತ್ತದೆ. "ತಾವು" ಎಂದು ಶುರುವಾದರೆ ಪೇಂಟರ್ ಬ್ರಷ್ ಕೆಳಗಿಟ್ಟು ಬಾಗಿಲ ಬಳಿ ಬಂದು ನಿಲ್ಲುತ್ತಿದ್ದ. ಯಾರನ್ನಾದರೂ ಆಸ್ಪತ್ರೆಗೆ ಒಯ್ಯಬೇಕಾಗಬಹುದು ಎಂದು.

ಈ ಮನೆಗೆ ವಿಮಾನ ಬಂದದ್ದು ಒಂದು ಟ್ರೇಲರಿನ ದೆಸೆಯಿಂದ. ಹಾರಾಟದ ಕ್ಲಬ್ಬಿನವರು ತಮ್ಮ ಗಾಡಿಯ ನೆಗ್ಗು ತೆಗೆಸಲು ಬಂದಾಗ ಅದರ ಮೇಲೆ ಬಿಳಿಯ ರೆಕ್ಕೆಯೊಂದಿತ್ತು. ಗುದ್ದಣ್ಣ ಅದರ ಮೇಲೆ ಅಂಗೈ ಆಡಿಸಿದ. ಒಂದು ಮೊಳೆ ಇಲ್ಲ, ಒಂದು ಬೆಸುಗೆ ಇಲ್ಲ. ಇದನ್ನು ಜನ ಮನೆಯಲ್ಲೇ ಕೂತು ಮಾಡುತ್ತಾರೆ ಎಂದು ತಿಳಿದ ಮೇಲೆ ಅವನಿಗೆ ನಿದ್ದೆ ಹತ್ತಲಿಲ್ಲ. ಎರಡು ಸೀಟಿನ ವಿಮಾನವೊಂದರ ನಕ್ಷೆ ತರಿಸಿದ. ಬೇರೆ ಮನೆ ಮಾಡಿಕೊಂಡಿದ್ದ ಮಗಳು ಬಂದು ಅದನ್ನು ಓದಿ ಹೇಳಿದಳು. ಹಗುರ ಫೋಮನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ಯಬೇಕು, ಅದರ ಮೇಲೆ ಗಾಜಿನ ಎಳೆಯ ಬಟ್ಟೆ ಹಾಸಬೇಕು, ರೆಸಿನ್ ಎಂಬ ಅಂಟು ಕುಡಿಸಬೇಕು, ಪದರದ ಮೇಲೆ ಪದರ. ಒಣಗಿದ ಮೇಲೆ ಫೋಮೂ ಬಟ್ಟೆಯೂ ಸೇರಿ ಒಂದೇ ಮೈ.

"ಸುತ್ತಿಗೆ ಎಲ್ಲೂ ಬೇಡವಾ?" ಎಂದು ಸೀಟಮ್ಮ ಕೇಳಿದಳು.

"ಬೇಡ."

"ಹಾಗಾದ್ರೆ ಇದು ನಿಮ್ಮ ಕೆಲಸ ಅಲ್ಲ ರೀ. ನನ್ನದು."

ಹಾಗೆಯೇ ಆಯಿತು. ಫೋಮ್ ಕೊಯ್ದವನು ಅವನು, ಬಟ್ಟೆ ಹಾಸಿದವಳು ಅವಳು. ಬಟ್ಟೆಯನ್ನು ಓರೆಗೆ ಕತ್ತರಿಸಬೇಕಾದಲ್ಲಿ ಓರೆಗೆ, ಉದ್ದಕ್ಕೆ ಬೇಕಾದಲ್ಲಿ ಉದ್ದಕ್ಕೆ. ಎಳೆ ಒಂದು ಕೂದಲಷ್ಟು ಸೊಟ್ಟಗಾದರೂ ಎತ್ತಿ ಮತ್ತೆ ಹಾಸುತ್ತಿದ್ದಳು. ರೆಸಿನ್ನಿಗೆ ಹಾರ್ಡನರ್ ಕಲಸಿದ ಮೇಲೆ ಕಾಲು ಗಂಟೆ ಮಾತ್ರ ಪುರುಸೊತ್ತು. ಆಮೇಲೆ ಡಬ್ಬಿಯಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಇದರಿಂದ ಮನೆಯಲ್ಲಿ ಒಂದು ಕಾಯಿದೆ ಹುಟ್ಟಿತು: ಡಬ್ಬಿ ಕಲಸಿದ ಮೇಲೆ ಜಗಳವಿಲ್ಲ. ಒಮ್ಮೆ ಮುರಿದರು. ಬ್ರಷ್ ಯಾರು ತೊಳೆದಿಲ್ಲ ಎಂಬ ಮಾತಿಗೆ ಕೈಕೈ ಮಿಲಾಯಿಸಿದರು. ತುಂಬಿದ ಡಬ್ಬಿ ಹೊಗೆಯೆದ್ದು ಕುದಿಯಿತು. ಗುದ್ದಣ್ಣ ಅದನ್ನು ಕಿಟಕಿಯಿಂದಾಚೆ ಎಸೆದ. ಪೇಂಟರನ ಬೈಕಿನ ಸೀಟು ಸುಟ್ಟು ಕರಕಲಾಯಿತು. ಸೀಟಮ್ಮ ಒಡೆದ ತುಟಿಯಲ್ಲೇ ಅವನಿಗೆ ಹೊಸ ಸೀಟು ಹೊಲಿದು ಕೊಟ್ಟಳು. ಅಂದಿನಿಂದ ಏಟುಗಳನ್ನು ಡಬ್ಬಿ ಬರಿದಾಗುವವರೆಗೆ ಬಾಕಿ ಇಡುತ್ತಿದ್ದರು. ಕೈಗವಸು ಕಳಚುವ ಸದ್ದು ಕೇಳಿದರೆ ಸಾಕು, ಇನ್ನೊಬ್ಬರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಹಾರಬೇಕಿದ್ದವನು ಗುದ್ದಣ್ಣ. ಕ್ಲಬ್ಬಿನ ಡಾಕ್ಟರು ಅವನ ಕಿವಿ ಪರೀಕ್ಷಿಸಿ ಆಗುವುದಿಲ್ಲ ಎಂದರು. ವರ್ಷಗಟ್ಟಲೆ ತಗಡು ಬಡಿದವನಿಗೆ ಸಣ್ಣ ಸದ್ದುಗಳು ಯಾವತ್ತೋ ಸತ್ತುಹೋಗಿದ್ದವು. ಅವನು ಡಾಕ್ಟರ ಮೇಜನ್ನು ಮಗುಚಿ ಬಂದ. ಕಲಿತು ಲೈಸೆನ್ಸ್ ತಂದವಳು ಮಗಳು. ಅವಳು ಕಟ್ಟಡಗಳ ಮೇಲಿನ ಕ್ರೇನ್ ನಡೆಸುವವಳು. ಎತ್ತರ ಅವಳಿಗೆ ಹೊಸದಲ್ಲ. ಸಿಟ್ಟು ಬಂದರೆ ಏಳುವ ಕೈಯೂ ಅಪ್ಪನದೇ.

ಸೀಟಮ್ಮನಿಗೆ ಹೆದರಿಕೆ ಶುರುವಾದದ್ದು ಆಗ. ಗಂಡ ಹಾರುವುದಾದರೆ ಹಾರಲಿ ಎಂದಿದ್ದವಳು ಮಗಳು ಎಂದ ಕೂಡಲೇ ಬದಲಾದಳು. ಚುಕ್ಕಾಣಿಯ ಬೋಲ್ಟುಗಳನ್ನು ದಾರದುಂಡೆಗಳ ಡಬ್ಬಿಯಲ್ಲಿ ಬಚ್ಚಿಟ್ಟು ಕಳೆದುಹೋದವು ಎಂದಳು. ಪೆಟ್ರೋಲ್ ಸೋರುತ್ತಿದೆ ಎಂದು ಬೊಬ್ಬೆ ಹಾಕಿ ಇಡೀ ಟ್ಯಾಂಕ್ ಬಿಚ್ಚಿಸಿದಳು, ಹನಿಯೂ ಸೋರಿರಲಿಲ್ಲ. ಇಂಜಿನ್ನಿನಲ್ಲಿ ಏನೋ ಕಟಕಟ ಎನ್ನುತ್ತಿದೆ ಎಂದಳು. ಮೂರೂ ಸುಳ್ಳು, ಮೂರೂ ಸಿಕ್ಕಿಬಿದ್ದವು.

"ಅಮ್ಮಾ, ಇನ್ನೊಂದು ಸಲ ಹೀಗೆ ಮಾಡಿದ್ರೆ ನಾನು ಈ ಮನೆಗೇ ಬರಲ್ಲ," ಎಂದಳು ಮಗಳು.

ಸೀಟಮ್ಮ ಆಮೇಲೆ ವಿಮಾನದ ತಂಟೆಗೆ ಹೋಗಲಿಲ್ಲ. ತಪಾಸಣೆಯವರು ಬಂದು ವಿಮಾನ ನೋಡಿ ಒಪ್ಪಿಹೋದರು. ರೆಕ್ಕೆಗಳಿಗೆ ಬಿಳಿ ಬಣ್ಣವಾಯಿತು.

ಭಾನುವಾರ ಮೊದಲ ಹಾರಾಟ ಎಂದು ಹೇಳಲು ಮಗಳು ಬಂದದ್ದು ಬುಧವಾರ. ಉಳಿದ ಭಾಗಗಳೆಲ್ಲ ಆಗಲೇ ಹಾರಾಟದ ಮೈದಾನ ಸೇರಿದ್ದವು, ಎಡ ರೆಕ್ಕೆ ಮಾತ್ರ ಶೆಡ್ಡಿನಲ್ಲಿ ಎರಡು ಮರದ ಆಸರೆಗಳ ಮೇಲೆ ಕೂತಿತ್ತು.

"ನಾನು ಪಕ್ಕದ ಸೀಟಲ್ಲಿ ಇರ್ತೀನಿ," ಎಂದ ಗುದ್ದಣ್ಣ.

"ಇಲ್ಲಪ್ಪ. ಮೊದಲ ಸಲ ಒಬ್ಬರೇ ಹೋಗಬೇಕು. ಹಾಗಂತ ಕಾಯಿದೆ."

"ಯಾವನ ಕಾಯಿದೆ? ಕಟ್ಟಿದ್ದು ನಾನು."

"ಕಟ್ಟಿದ್ದು ಅಮ್ಮ. ನೀನು ಕೊಯ್ದಿದ್ದು."

ಅವನು ಹಿಂಗೈಯಿಂದ ಬೀಸಿದ. ಮಗಳ ತುಟಿ ಒಡೆಯಿತು. ಅವಳು ಅಪ್ಪನ ಅಂಗಿಯ ಕೊರಳು ಹಿಡಿದು ಗೋಡೆಗೆ ಬಡಿದಳು. ಸೀಟಮ್ಮ ನಡುವೆ ನುಗ್ಗಿದಳು. "ತಾವು ಕೈ ಬಿಡ್ತೀರಾ ಇಲ್ವಾ?" ಎನ್ನುವಷ್ಟರಲ್ಲಿ ಗುದ್ದಣ್ಣ ಅವಳ ಎದೆಗೆ ಎರಡೂ ಕೈಯಿಟ್ಟು ನೂಕಿದ. ಅವಳು ಅಂಗಾತ ರೆಕ್ಕೆಯ ಮೇಲೆ ಬಿದ್ದಳು. ರೆಕ್ಕೆ ಆಸರೆಯಿಂದ ಜಾರಿತು. ಅದರ ಬುಡದ ಪಕ್ಕದ ಭಾಗ ಮೇಜಿಗೆ ಬಿಗಿದಿದ್ದ, ಸಾಮಾನು ಕಚ್ಚಿಹಿಡಿಯುವ ಕಬ್ಬಿಣದ ವೈಸಿನ ಮೂಲೆಗೆ ಬಡಿಯಿತು. ಅವಳ ಇಡೀ ಭಾರ ಅದರ ಮೇಲಿತ್ತು. ರೆಕ್ಕೆಯ ಮೈ ಒಳಕ್ಕೆ ಹೋಗಿ ಮರಳಿ ಬಂದದ್ದು ಅವಳ ಬೆನ್ನಿಗೆ ತಿಳಿಯಿತು.

ಗುದ್ದಣ್ಣ ಓಡಿ ಬಂದ. ಹೆಂಡತಿಯನ್ನು ಪಕ್ಕಕ್ಕೆ ಸರಿಸಿ ರೆಕ್ಕೆಯನ್ನು ಎತ್ತಿ ಆಸರೆಯ ಮೇಲಿಟ್ಟ. ವೈಸ್ ತಗುಲಿದ ಜಾಗದಲ್ಲಿ ಅಂಗೈ ಇಟ್ಟು ಕಣ್ಣು ಮುಚ್ಚಿದ. ಆ ಅಂಗೈಗೆ ಗ್ಯಾರೇಜುಗಳ ಇಡೀ ಸಾಲು ತಲೆಬಾಗುತ್ತಿತ್ತು. ಬಣ್ಣ ಬಳಿದ ಬಾಗಿಲಿನಲ್ಲಿ ಕಾಗದದಷ್ಟು ನೆಗ್ಗಿದ್ದರೂ ಅದು ಹಿಡಿಯುತ್ತಿತ್ತು.

"ಏನೂ ಆಗಿಲ್ಲ," ಎಂದ. "ಗೆರೆ ಕೂಡ ಬಿದ್ದಿಲ್ಲ."

ಸೀಟಮ್ಮ ಇನ್ನೂ ನೆಲದ ಮೇಲಿದ್ದಳು.

ತಗಡಿಗೆ ಏಟು ಬಿದ್ದರೆ ತಗಡು ಹೇಳುತ್ತದೆ. ಗಾಜಿನ ಬಟ್ಟೆಯ ಮೈ ಹೇಳುವುದಿಲ್ಲ. ಬಗ್ಗಿ ಮೊದಲಿನಂತೆಯೇ ನಿಲ್ಲುತ್ತದೆ, ಒಳಗೆ ಮಾತ್ರ ಫೋಮಿನಿಂದ ಬಿಟ್ಟುಕೊಂಡಿರುತ್ತದೆ. ಅದನ್ನು ಕಂಡುಹಿಡಿಯಲು ನಾಣ್ಯದಿಂದ ತಟ್ಟಿ ಕೇಳಬೇಕು ಎಂದು ನಕ್ಷೆಯಲ್ಲೇ ಇತ್ತು. ಮರುದಿನ ಬೆಳಗ್ಗೆ ಸೀಟಮ್ಮ ಬಲಗೈ ಎತ್ತಲಾಗದೆ ಎಡಗೈಯಲ್ಲಿ ನಾಣ್ಯ ಹಿಡಿದು ತಟ್ಟುತ್ತ ಹೋದಳು. ಟಕ್, ಟಕ್, ಟಕ್. ವೈಸ್ ತಗುಲಿದ ಜಾಗಕ್ಕೆ ಬಂದಾಗ ಡಬ್ ಎಂದಿತು. ಸುತ್ತಲೂ ತಟ್ಟಿದಳು. ಒಂದು ತಟ್ಟೆಯಗಲ ಡಬ್ ಡಬ್.

ಗಂಡನನ್ನು ಎಳೆತಂದು ತಟ್ಟಿ ತೋರಿಸಿದಳು. ಅವನು ಬಗ್ಗಿ ಕೇಳಿದ.

"ಎರಡೂ ಒಂದೇ ಥರ ಇದೆಯಲ್ಲೇ."

"ನಿಮಗೆ ಕೇಳಿಸಲ್ಲ ರೀ. ಡಾಕ್ಟರೇ ಹೇಳಿದ್ರಲ್ಲ."

ಕಿವಿಯ ಮಾತು ಎತ್ತಬಾರದಿತ್ತು. ಅವನು ನಾಣ್ಯ ಕಿತ್ತು ಬೀದಿಗೆ ಎಸೆದ. ಅದರ ಹಿಂದೆಯೇ ಅವಳ ಕೆನ್ನೆಗೂ ಒಂದು ಬಿತ್ತು. ಅವಳು ತಪಾಸಣೆಯವರಿಗೆ ಫೋನ್ ಮಾಡಿದಳು. ಅವರು ವಿಮಾನ ಕಟ್ಟಿದವರಿಗೆ ಫೋನ್ ಕೊಡಿ ಎಂದರು. ಗುದ್ದಣ್ಣ ಫೋನ್ ಕಸಿದು, "ಏನಿಲ್ಲ ಸಾರ್, ನಮ್ಮನೆಯವಳಿಗೆ ಹೆದರಿಕೆ," ಎಂದು ನಕ್ಕ. ಆ ಕಡೆಯವರೂ ನಕ್ಕರು.

ಮಗಳಿಗೆ ಫೋನ್ ಮಾಡಿದಾಗ ಅವಳು ಕ್ರೇನಿನ ಮೇಲಿದ್ದಳು. ಫೋನಿನಲ್ಲಿ ಗಾಳಿಯ ಸದ್ದು.

"ಒಂದು ಸಲ ಬಂದು ನೀನೇ ತಟ್ಟಿ ನೋಡು ಕಣೇ."

"ಈ ಸಲ ರೆಕ್ಕೆನಾ? ಬೋಲ್ಟು ಆಯ್ತು, ಪೆಟ್ರೋಲ್ ಆಯ್ತು, ಇಂಜಿನ್ ಆಯ್ತು. ಅಪ್ಪ ಕೈ ಆಡಿಸಿ ನೋಡಿದ್ದು ನಾನೇ ಕಂಡಿದ್ದೀನಿ. ಶನಿವಾರದ ತನಕ ನನಗೆ ಕೆಲಸ ಇದೆ. ಭಾನುವಾರ ನೇರ ಮೈದಾನಕ್ಕೇ ಬರ್ತೀನಿ. ನೀನು ಬರೋ ಹಾಗಿದ್ರೆ ಅಳಬಾರದು."

ಶನಿವಾರ ಬೆಳಗ್ಗೆ ಗುದ್ದಣ್ಣ ರೆಕ್ಕೆ ಸಾಗಿಸಲು ಲಾರಿ ತರಲು ಹೋದ. ಸೀಟಮ್ಮ ಶೆಡ್ಡಿಗೆ ಬಂದು ಅವನ ಸುತ್ತಿಗೆಗಳಲ್ಲೇ ದೊಡ್ಡದನ್ನು ಎತ್ತಿಕೊಂಡಳು. ಡಬ್ ಎಂದ ಜಾಗವನ್ನು ಮುಟ್ಟಲಿಲ್ಲ. ಅದು ಹಾಗೇ ಇರಬೇಕು, ಮಗಳು ನೋಡಬೇಕು. ರೆಕ್ಕೆಯ ಇನ್ನೊಂದು ತುದಿಗೆ ಹೋಗಿ, ಹಲ್ಲು ಕಚ್ಚಿ, ಬೀಸಿದಳು.

ಸುತ್ತಿಗೆ ಪುಟಿದು ಬಂದು ಅವಳ ಹಣೆಗೆ ತಾಗಿತು. ರೆಕ್ಕೆ ಹಾಗೇ ಇತ್ತು. ಮತ್ತೆ ಬೀಸಿದಳು. ಮತ್ತೆ ಪುಟಿಯಿತು. ಹಣೆಯ ರಕ್ತ ಕಣ್ಣಿಗಿಳಿಯಿತು. ಒಂದೊಂದು ಎಳೆಯನ್ನೂ ನೇರ ಮಾಡಿ ಹಾಸಿದ ತನ್ನ ಕೈಗೇ ಅವಳು ಹಾಳಾಗಿ ಹೋಗು ಎಂದು ಶಾಪ ಹಾಕಿದಳು. ಸುತ್ತಿಗೆ ಎಸೆದು, ತಗಡು ಕೊಯ್ಯುವ ಗ್ರೈಂಡರ್ ತೆಗೆದುಕೊಂಡಳು.

ಗ್ರೈಂಡರ್ ಕೂಗುತ್ತ ಇಳಿಯಿತು. ಗಾಜಿನ ಧೂಳು ಎದ್ದು ಕಣ್ಣು, ಗಂಟಲು, ಕತ್ತು ಎಲ್ಲ ಉರಿಯಿತು. ರೆಕ್ಕೆಯ ತುದಿ ಕತ್ತರಿಸಿ ಬಿತ್ತು. ಅವಳು ಇನ್ನೊಂದು ಮೊಳ ಈಚೆ ಬಂದು ಮತ್ತೆ ಇಳಿಸಿದಳು. ಲಾರಿ ಬಂದು ನಿಂತದ್ದು ಆ ಕೂಗಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ಗುದ್ದಣ್ಣ ಹಿಂದಿನಿಂದ ಬಂದು ಅವಳ ಕೂದಲು ಹಿಡಿದು ಎಳೆದ. ಅವಳು ಗ್ರೈಂಡರ್ ಬಿಡಲಿಲ್ಲ. ಅವನು ತಲೆಯ ಮೇಲೆ, ಬೆನ್ನ ಮೇಲೆ, ಎಲ್ಲಿ ಸಿಕ್ಕಿತೋ ಅಲ್ಲಿ ಗುದ್ದಿದ. ಅವಳು ಮೊಣಕೈಯಿಂದ ಅವನ ಹೊಟ್ಟೆಗೆ ಇರಿದಳು. ಅವನು ಬಾಯಿ ತೆರೆದು ಕೂಗುತ್ತಿದ್ದ, ಮಾತು ಯಾರಿಗೂ ಕೇಳುತ್ತಿರಲಿಲ್ಲ. ಗ್ರೈಂಡರ್ ಕಸಿಯಲು ಕೈ ಚಾಚಿದಾಗ ಅದರ ತಿರುಗುವ ಬಿಲ್ಲೆ ಗಾಜಿನ ಬಟ್ಟೆಯಲ್ಲಿ ಸಿಕ್ಕಿ ಎಗರಿತು. ಅವನ ಮುಂಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸೀಳಿತು.

ಪೇಂಟರ್ ಗೋಡೆ ಹಾರಿ ಬಂದು ಕರೆಂಟ್ ತೆಗೆದ. ಸೀಟಮ್ಮ ತನ್ನ ಮೆಷಿನ್ನಿನ ಬಳಿಯಿದ್ದ ಸೀಟಿನ ಬಟ್ಟೆ ಹರಿದು ಗಂಡನ ಕೈಗೆ ಬಿಗಿಯಾಗಿ ಸುತ್ತಿದಳು. ಸುತ್ತುವಾಗ ಅವನು ಇನ್ನೊಂದು ಕೈಯಲ್ಲಿ ಅವಳ ಮುಖಕ್ಕೆ ಗುದ್ದಿದ. ಅವಳು ಗಂಟು ಬಿಡಲಿಲ್ಲ.

ಪೇಂಟರ್ ಅವನನ್ನು ಲಾರಿಯಲ್ಲೇ ಆಸ್ಪತ್ರೆಗೆ ಒಯ್ದ. ಹೋಗುವ ಮೊದಲು ಮಗಳಿಗೆ ಫೋನ್ ಮಾಡಿದ್ದ. ಅವಳು ಹೆಲ್ಮೆಟ್ ಸಮೇತ ಬಂದಳು. ರಕ್ತ ಸಿಡಿದ ಬಿಳಿಯ ರೆಕ್ಕೆಯನ್ನು, ಕತ್ತರಿಸಿ ಬಿದ್ದ ತುಂಡನ್ನು ನೋಡಿದಳು. ಅಮ್ಮನ ಹತ್ತಿರ ಬಂದು ಕಪಾಳಕ್ಕೆ ಬಾರಿಸಿದಳು. ಸೀಟಮ್ಮ ತಡೆಯಲಿಲ್ಲ.

"ಇನ್ನೊಂದು ಕೊಡು ಬೇಕಾದ್ರೆ," ಎಂದಳು. "ಕೊಟ್ಟು, ಅಲ್ಲಿ ತಟ್ಟು."

ಮಗಳು ಅಳುತ್ತಲೇ ಹೋಗಿ ಬೆರಳ ಗಿಣ್ಣಿನಿಂದ ತಟ್ಟಿದಳು. ಒಂದು ಕಡೆ ತಟ್ಟಿ, ಪಕ್ಕಕ್ಕೆ ಸರಿದು ತಟ್ಟಿ, ಮತ್ತೆ ಮೊದಲ ಜಾಗಕ್ಕೆ ಬಂದಳು. ಆಮೇಲೆ ಮೇಜಿನ ಮೇಲಿದ್ದ ಚಾಕು ತೆಗೆದುಕೊಂಡು ಬಹಳ ಹೊತ್ತು ಗೀರಿ ಗೀರಿ ಚೌಕ ಕೊರೆದಳು. ಮೂಲೆಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದಳು.

ಸರಿಯಿದ್ದ ಮೈಯಾಗಿದ್ದರೆ ಫೋಮನ್ನೂ ಕಿತ್ತುಕೊಂಡು ಬರಬೇಕಿತ್ತು. ಚೌಕ ಪುಸ್ತಕದ ರಟ್ಟಿನ ಹಾಗೆ ತೆರೆದುಕೊಂಡಿತು. ಕೆಳಗೆ ಫೋಮ್ ಪುಡಿಯಾಗಿತ್ತು. ಅವಳು ಸಂದಿಯಲ್ಲಿ ಬೆರಳು ಹಾಕಿದಳು. ಅಂಗೈ ಹೋಯಿತು. ಮಣಿಕಟ್ಟೂ ಹೋಯಿತು.

ಸಂಜೆ ಗುದ್ದಣ್ಣ ಹೊಲಿಗೆ ಹಾಕಿಸಿಕೊಂಡು ಬಂದ. ಬಾಗಿಲಲ್ಲೇ ನಿಂತು ಚೌಕದ ತೂತನ್ನು ನೋಡಿದ.

"ಇವಳು ಸುತ್ತಿಗೆಯಲ್ಲಿ ಹೊಡೆದದ್ದಕ್ಕೆ ಅದು ಬಿಟ್ಟಿರೋದು," ಎಂದ.

"ಅವಳು ಹೊಡೆದದ್ದು ಆ ತುದಿಗೆ."

"ಏಟಿನ ಅದುರಾಟ ಇಲ್ಲಿವರೆಗೂ ಬರುತ್ತೆ."

"ಅಪ್ಪ, ಕೈ ಹಾಕಿ ನೋಡು."

ಅವನು ಹಾಕಲಿಲ್ಲ. ಒಳಗೆ ಹೋಗಿ ಬಾಗಿಲು ಬಡಿದುಕೊಂಡ. ಇವತ್ತಿಗೂ ಕೇಳಿದವರಿಗೆ ಅವನು ಹೇಳುವುದು ಅದನ್ನೇ.

ಮಗಳು ಮೈದಾನದವರಿಗೆ ಫೋನ್ ಮಾಡಿ ನಾಳೆ ಬರುವುದಿಲ್ಲ ಎಂದಳು. ಅಮ್ಮನ ಹಣೆ ತೊಳೆದು ಪಟ್ಟಿ ಹಾಕಿದಳು.

"ನಿಜ ಅಂತ ನಂಬೋ ಹಾಗೆ ಹೇಳಬಾರದಿತ್ತಾ ಅಮ್ಮಾ?"

"ಮೂರು ಸಲ ನಂಬೋ ಹಾಗೇ ಹೇಳಿದ್ದೆ," ಎಂದಳು ಸೀಟಮ್ಮ. "ಅದು ಸುಳ್ಳಾಗಿತ್ತು. ನಾಲ್ಕನೆಯದಕ್ಕೆ ಬಾಯಿ ಸಾಲಲಿಲ್ಲ."