ಮೆಕ್ಯಾನಿಕ್‌ನ ಮನೆ

“ಸಾರ್, ಸೀರಿಯಲ್‌ನಾಗೆ ಬರೋ ಆ ಮೆಕ್ಯಾನಿಕ್‌ಗೆ ಮನೆ ಅಂತ ಐತೋ ಇಲ್ವೋ?”

ಮುಬೀನಾ ಪೆನ್ನು ಕೆಳಗಿಟ್ಟು ಎದ್ದು ನಿಂತಿದ್ದಳು. ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ಪತ್ರಿಕೋದ್ಯಮ ಪರೀಕ್ಷೆಗೆಂದು ನಾನು ಗೈಡ್ ನೋಡಿಕೊಂಡು ಉತ್ತರ ಬರೆಸುತ್ತಿದ್ದೆ: ‘ಧಾರಾವಾಹಿಗಳು ಎಲ್ಲ ಸಮುದಾಯಗಳ ಬದುಕನ್ನೂ ಸಮಾನವಾಗಿ ಬಿಂಬಿಸುತ್ತವೆ.’

“ನಮ್ಮ ಅಬ್ಬಾನೂ ಮೆಕ್ಯಾನಿಕ್ಕೇ ಸಾರ್. ನಾವು ದಿನಾ ನೋಡೋ ಸೀರಿಯಲ್‌ನಾಗೆ ಮುಸ್ಲಿಮರು ಅಂತ ಇರೋದು ಆ ಮೆಕ್ಯಾನಿಕ್ ಒಬ್ನೇ. ಹೀರೋಯಿನ್ ಕಾರು ಕೆಟ್ರೆ ಬರ್ತಾನೆ, ರಿಪೇರಿ ಮಾಡಿ ಹೋಗ್ತಾನೆ. ಅವನ ಹೆಂಡ್ತಿ ಮಕ್ಳನ್ನ ಒಂದಿನಾನೂ ತೋರ್ಸಿಲ್ಲ. ಪರೀಕ್ಷೆನಾಗೆ ಇದನ್ನ ಬರೀಲಾ?”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ನನ್ನ ಮೇಲೇ ಸಿಟ್ಟು ಬಂತು. ವರ್ಷಗಟ್ಟಲೆ ಆ ವಾಕ್ಯವನ್ನು ಬರೆಸಿದ್ದೇನೆ, ಒಮ್ಮೆಯೂ ನಾಲಿಗೆ ತಡವರಿಸಿಲ್ಲ! ಆದರೆ ಪೇಪರ್ ತಿದ್ದುವವರ ಕೈಯಲ್ಲೂ ಇದೇ ಗೈಡ್ ಇರುತ್ತದೆ, ಹುಡುಗಿಯ ಅಂಕ ಹೋದರೆ?

“ಗೈಡಿನಲ್ಲಿ ಇರೋದನ್ನೇ ಬರಿಯಮ್ಮ,” ಎಂದೆ.

ಮುಂದಿನ ವಾರ ಕಿರುಪರೀಕ್ಷೆಯಲ್ಲಿ ಮುಬೀನಾ ಆ ಸುಳ್ಳನ್ನು ಒಂದಕ್ಷರ ತಪ್ಪದೆ ಬರೆದಿದ್ದಳು. ನಾನೇ ತಿದ್ದಿ ಹತ್ತಕ್ಕೆ ಹತ್ತು ಕೊಟ್ಟೆ. ಮನೆಗೆ ಬಂದು ಗೈಡನ್ನು ಹರಿದು ಒಲೆಗೆ ಹಾಕಿದೆ. ನನ್ನನ್ನು ನಾನು ಏನು ಮಾಡಿಕೊಳ್ಳಲಿ?