ಕೆಲಸದವಳಿಲ್ಲದ ಬೊಂಬೆಮನೆ

ಬೊಂಬೆಮನೆ ಎಂದರೆ ಮಕ್ಕಳಾಟಿಕೆ ಎಂದು ಯಾರಾದರೂ ಹೀಗಳೆದರೆ ನನಗೆ ಈಗಲೂ ಮೈ ಉರಿಯುತ್ತದೆ. ನನ್ನ ಪಕ್ಕದ ಮನೆಯ ಎನಿಡ್ ಸಗ್ಡನ್ ಅದಕ್ಕೆ ಹನ್ನೊಂದು ವರ್ಷ ಸುರಿದಿದ್ದಳು. ಮಧ್ಯಾಹ್ನದವರೆಗೆ ಇಂಗ್ಲೆಂಡಿನ ನಮ್ಮೂರ ಥಾರ್ನ್‌ಬೆಕ್ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿದು ಬಂದು, ಆಮೇಲೆ ಊಟದ ಮೇಜಿನ ಮೇಲೆ ಮನೆ ಕಟ್ಟುತ್ತಿದ್ದಳು. ಗಂಡ ಅಷ್ಟೂ ವರ್ಷ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡ. ಕೇಳಿದವರಿಗೆಲ್ಲ, “ನಮ್ಮನೇಲಿ ಎರಡು ಮನೆ ಇದೆ ಕಣ್ರೀ, ಎರಡರಲ್ಲೂ ನಂಗೆ ಜಾಗ ಇಲ್ಲ” ಎನ್ನುತ್ತಿದ್ದ.

ಅವಳು ಕಟ್ಟಿದ್ದು ಒಂದು ಕಾಲಕ್ಕೆ ನಮ್ಮೂರ ಗುಡ್ಡದ ಮೇಲಿದ್ದ ಗಿರಣಿ ಮಾಲೀಕರ ಬಂಗಲೆಯ ಪಡಿಯಚ್ಚು. ವಿಕ್ಟೋರಿಯಾ ರಾಣಿಯ ಕಾಲದ್ದು. ಆ ಬಂಗಲೆಯನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದರು. ಅಡಿಗೆ ಒಂದಂಗುಲದ ಅಳತೆಯಲ್ಲಿ ಎನಿಡ್ ಅದನ್ನು ಮತ್ತೆ ಎಬ್ಬಿಸಿದಳು. ಬೆಂಕಿಕಡ್ಡಿ ಕೆತ್ತಿ ಮೆಟ್ಟಿಲಿನ ಕಟಕಟೆ, ರಿಬ್ಬನ್ನಿನ ಜಮಖಾನ, ಟೂತ್‌ಪೇಸ್ಟಿನ ಮುಚ್ಚಳದ ದೀಪ. ಒಂದೊಂದು ಕೋಣೆಗೂ ಚಳಿ ಕಾಯಿಸುವ ಒಂದು ಒಲೆ, ಅದರಲ್ಲಿ ಚೂರು ಕಲ್ಲಿದ್ದಲು.

ಅಟ್ಟದ ಕೋಣೆಗೆ ಮಾತ್ರ ಒಲೆ ಇರಲಿಲ್ಲ. ಅದು ಕೆಲಸದವಳದು. ನಾಲ್ಕು ಗೋಡೆಗೆ ನಾಲ್ಕು ಬಗೆಯ ಕಾಗದ: ಕೆಳಗಿನ ಕೋಣೆಗಳಿಗೆ ಅಂಟಿಸಿ ಮಿಕ್ಕ ತುಂಡುಗಳು. ಎನಿಡ್‌ಳ ಅಜ್ಜಿ ಹದಿನಾಲ್ಕನೆಯ ವಯಸ್ಸಿಗೆ ನಿಜವಾದ ಬಂಗಲೆಯಲ್ಲಿ ಚಾಕರಿಗೆ ಸೇರಿದಾಗ ಮಲಗಿದ್ದು ಅಂಥ ಗೋಡೆಗಳ ನಡುವೆಯೇ. ಆ ಮನೆಯಲ್ಲಿ ಯಾವ ಹುಡುಗಿ ಕೆಲಸಕ್ಕೆ ಬಂದರೂ ಮೇರಿ ಎಂದೇ ಕರೆಯುತ್ತಿದ್ದರು. ಹೊಸ ಹೆಸರು ಕಲಿಯುವಷ್ಟು ವ್ಯವಧಾನ ದೊಡ್ಡವರಿಗೆಲ್ಲಿ? ಕೈ ಕೆಸರು ಇವರದು, ಬಾಯಿ ಮೊಸರು ಅವರದು. ಎನಿಡ್ ಕೆಂಪು ಕೈಗಳ ಒಂದು ಬೊಂಬೆ ಮಾಡಿ ಅಲ್ಲಿ ನಿಲ್ಲಿಸಿದಳು. ಅದರ ಬಟ್ಟೆಬರೆಗೆಂದು ಪಕ್ಕದಲ್ಲಿಟ್ಟ ಪುಟ್ಟ ತಗಡಿನ ಪೆಟ್ಟಿಗೆಯ ಮುಚ್ಚಳದೊಳಗೆ ಅಜ್ಜಿಯ ನಿಜವಾದ ಹೆಸರು ಬರೆದಳು: ಕೆಜಾಯ.

ಮನೆಯನ್ನು ಊರಿನ ಮ್ಯೂಸಿಯಂಗೆ ಕೊಟ್ಟಳು. ನಾನು ಅಲ್ಲಿ ಟಿಕೆಟ್ ಹರಿಯುತ್ತಿದ್ದೆ. ಮ್ಯೂಸಿಯಂಗೆ ರಜೆಯಿರುವ ಪ್ರತಿ ಸೋಮವಾರ ಅವಳು ಬಂದು ಬ್ರಶ್ಶಿನಿಂದ ಧೂಳು ತೆಗೆಯುತ್ತಿದ್ದಳು.

ಆಮೇಲೆ ಗಿಲ್ಪಿನ್ ಎಂಬ ಹೊಸ ಮೇಲಧಿಕಾರಿ ಬಂದ. ಅಟ್ಟದ ಗೋಡೆಕಾಗದ ಒಂದಕ್ಕೊಂದು ಹೊಂದುವುದಿಲ್ಲ, ಇದು ಕಟ್ಟಿದವಳ ತಪ್ಪು ಎಂದು ಅವನ ಘನ ತೀರ್ಮಾನ. ಎನಿಡ್‌ಳನ್ನು ಒಂದು ಮಾತೂ ಕೇಳದೆ ಗುಲಾಬಿ ಹೂವಿನ ಕಾಗದ ಅಂಟಿಸಿ, ಮರದ ಕುದುರೆ ಇಟ್ಟು, ಅದನ್ನು ಮಕ್ಕಳ ಕೋಣೆ ಮಾಡಿಸಿದ. ಕೆಜಾಯ ಲಕೋಟೆಯೊಳಗೆ ಅವನ ಡ್ರಾಯರು ಸೇರಿದಳು, ಅವಳ ಪೆಟ್ಟಿಗೆಯೂ ಅದೇ ಡ್ರಾಯರಿಗೆ ಬಿತ್ತು. ನಾನು ನೋಡುತ್ತಿದ್ದೆ, ಬಾಯಿ ಬಿಡಲಿಲ್ಲ. ಅವನ ಮೇಲಿರುವಷ್ಟೇ ಸಿಟ್ಟು ನನಗೆ ನನ್ನ ಮೇಲೂ ಇದೆ.

ಸೋಮವಾರ ಎನಿಡ್ ಬಂದು ಕೇಳಿದಳು. ಜನಕ್ಕೆ ಅಂದ ಬೇಕು ಎಂದು ಅವನು ಉಪದೇಶ ಮಾಡಿದ. ಕೊನೆಗೆ, “ಆ ಕೆಲಸದ ಹುಡುಗಿ ಇಲ್ದಿದ್ರೆ ಏನು ವ್ಯತ್ಯಾಸ ಆಗುತ್ತೆ ಹೇಳಿ ಮೇಡಂ?” ಎಂದ.

ಎನಿಡ್‌ಳ ಕುತ್ತಿಗೆ ಕೆಂಪಾಯಿತು. ಮನೆಗೆ ಹೋಗಿ ಒಂದು ಡಬ್ಬಿ ತಂದವಳು ಸಂಜೆಯವರೆಗೆ ಬೊಂಬೆಮನೆಯ ಮುಂದೆ ಬಾಗಿ ಕೂತಿದ್ದಳು.

ಮರುದಿನ ಮಧ್ಯಾಹ್ನ ಶಾಲೆಯ ಮಕ್ಕಳು ಬಂದರು. ಬೊಂಬೆಮನೆಯ ಒಲೆಗಳೆಲ್ಲ ಆರಿ, ಬೂದಿ ಜಮಖಾನದ ಮೇಲೆ ಚೆಲ್ಲಿತ್ತು. ಊಟದ ಮೇಜಿನ ಮೇಲೆ ಒಣಗಿದ ಎಂಜಲು ತಟ್ಟೆಗಳು. ಹಾಸಿಗೆಗಳು ಮುದ್ದೆ. ಮೆಟ್ಟಿಲ ತುಂಬ ಕೆಸರು ಹೆಜ್ಜೆ. ಮಂಚದ ಕೆಳಗಿನ ಉಚ್ಚೆ ಪಾತ್ರೆಗಳಲ್ಲಿ ಹಳದಿ ವಾರ್ನಿಶ್ ಅಂಚಿನವರೆಗೆ ತುಂಬಿತ್ತು. ರೇಷ್ಮೆಯುಟ್ಟ ಯಜಮಾನಿ ಬೊಂಬೆ ಆ ಕೊಳಕಿನ ನಡುವೆ ಬೀಸಣಿಗೆ ಹಿಡಿದು ಕೂತಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು.

ಗಿಲ್ಪಿನ್ ಓಡಿ ಬಂದ. ಕೋಟು ತೊಟ್ಟು ಪಕ್ಕದಲ್ಲೇ ನಿಂತಿದ್ದ ಎನಿಡ್‌ಳನ್ನು ಕಂಡು, “ಯಾರು ಮಾಡಿದ್ದು ಇದನ್ನ?” ಎಂದು ಹಲ್ಲು ಕಡಿದ.

“ಯಾರೂ ಏನೂ ಮಾಡಿಲ್ಲ ಸಾರ್,” ಎಂದಳು ಎನಿಡ್. “ಅದಕ್ಕೇ ಹೀಗಾಗಿರೋದು.”

ಅವನು ಮಕ್ಕಳಿಗೆ ಕಾಣದಂತೆ ಬೊಂಬೆಮನೆಗೆ ಅಡ್ಡ ನಿಂತ. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಒಳಗೆ ಹೋಗಿ ಡ್ರಾಯರಿನಿಂದ ಲಕೋಟೆ ತಂದು ಎನಿಡ್‌ಳ ಕೈಗೆ ಕೊಟ್ಟೆ. ಅವನೂ ಅದನ್ನು ನೋಡಿದ. ಇನ್ನಾದರೂ ಈ ಕೆಲಸದವಳನ್ನು ಒಳಗಿಟ್ಟು ಎಲ್ಲ ಚೊಕ್ಕಟ ಮಾಡಿ ಎಂದು ದನಿ ತಗ್ಗಿಸಿ ಕೇಳಿಕೊಂಡ.

ಎನಿಡ್ ಲಕೋಟೆಯನ್ನು ಕೈಚೀಲಕ್ಕೆ ಹಾಕಿಕೊಂಡಳು.

“ಮೊದಲು ಅವಳ ಕೋಣೆ ಹೇಗಿತ್ತೋ ಹಾಗೆ ಮಾಡಿಸಿ. ಆಮೇಲೆ ಕರೀರಿ, ಬರ್ತಾಳೋ ಇಲ್ವೋ ನೋಡೋಣ. ಹೆಸರು ಹಿಡಿದು ಕರೀಬೇಕು. ಅವಳ ಪೆಟ್ಟಿಗೇಲಿ ಬರ್ದಿದೆ.”